ನೀರಿಗಿಂತ ಮೊದಲು ಮಣ್ಣು: ಕೊಪ್ಪಳ ಸೀಮೆಯ ಭೂ ನಿರ್ವಹಣೆ



ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ದತ್ತಿಗಳು ಬಹುಪಾಲು ಭೂಮಿಯ ರೂಪದಲ್ಲಿಯೇ ನಡೆದವು. ಇಟಗಿಯ ಮಹಾದೇವ ದೇವಾಲಯ ಎದ್ದು ನಿಂತದ್ದು 1112ರಲ್ಲಿ. ಆ ಹೊತ್ತಿನ ದತ್ತಿ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಷ್ಟು ಮತ್ತರು ಭೂಮಿ ಕೊಟ್ಟೆವು ಎಂದಷ್ಟೇ ಬರೆದು ಅವರು ಸುಮ್ಮನಾಗುತ್ತಿರಲಿಲ್ಲ. ಕೊಟ್ಟದ್ದು ಎರೆಯೋ ಗದ್ದೆಯೋ ತೋಟವೋ, ಮೂಡಣಕ್ಕೆ ಯಾವ ಹಳ್ಳ, ಪಡುವಣಕ್ಕೆ ಯಾವ ಗುಡ್ಡ, ಕೆರೆಯ ಯಾವ ಮಗ್ಗುಲು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅಳತೆಯೊಂದರಿಂದಲೇ ಭೂಮಿ ಪೂರ್ತಿ ತಿಳಿಯುವುದಿಲ್ಲ ಎಂಬ ಅರಿವು ಅವರಿಗಿತ್ತು. ಒಂದು ದತ್ತಿ ಉಪನ್ಯಾಸಕ್ಕೆ ಭೂಮಿಯ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಮೂಲ ತಾಲ್ಲೂಕುಗಳ ನೆಲ ಎಂಥದು ಎಂಬುದರಿಂದ ಆರಂಭಿಸುತ್ತೇನೆ. ಆಮೇಲೆ ಗಂಗಾವತಿಯ ಎಪ್ಪತ್ತು ವರ್ಷಗಳ ನೀರಾವರಿ ನಮಗೆ ಕಲಿಸಿದ ಪಾಠಕ್ಕೆ ಬರುತ್ತೇನೆ. ಮೂರನೆಯದಾಗಿ, ನಮ್ಮ ಜಿಲ್ಲೆಯಲ್ಲಿ ಸರ್ವೇ ನಂಬರುಗಳ ಮಟ್ಟದಲ್ಲಿ ತಯಾರಾಗಿರುವ ಮಣ್ಣಿನ ನಕ್ಷೆಗಳನ್ನು ಪರಿಚಯಿಸುತ್ತೇನೆ. ಕೊನೆಗೆ, ಕೃಷ್ಣೆಯ ನೀರನ್ನು ಎದುರು ನೋಡುತ್ತಿರುವ ಕುಷ್ಟಗಿ ಮತ್ತು ಯಲಬುರ್ಗಾ ಈಗಲೇ ಏನು ಮಾಡಬೇಕು ಎಂಬುದನ್ನು ಹೇಳುತ್ತೇನೆ. ಈ ನಾಲ್ಕರ ಹಿಂದೆಯೂ ಇರುವ ನನ್ನ ವಾದ ಒಂದೇ: ನೀರಿನ ಯೋಜನೆಗಿಂತ ಮೊದಲು ಮಣ್ಣಿನ ಯೋಜನೆ ಆಗಬೇಕು. ನಾವು ಇದುವರೆಗೆ ಮಾಡುತ್ತ ಬಂದದ್ದು ಇದರ ತಿರುವು ಮುರುವು.

ಮೊದಲನೆಯ ವಿಷಯಕ್ಕೆ ಬರುತ್ತೇನೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ರೂಪುಗೊಂಡಿತು. ಇತ್ತೀಚೆಗೆ ಕಾರಟಗಿ, ಕನಕಗಿರಿ, ಕುಕನೂರು ಹೊಸ ತಾಲ್ಲೂಕುಗಳಾದವು. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಈ ಇಡೀ ಸೀಮೆ ಸೇರುವುದು ಉತ್ತರ ಒಣ ವಲಯಕ್ಕೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಹೊತ್ತಿಗೆ ಸರಿಯಾಗಿ ಬೀಳುವ ಮಳೆಯಲ್ಲ. ಮುಂಗಾರು ಮುಖ ತೋರಿಸಿ ಹೋಗುತ್ತದೆ, ಹೆಚ್ಚಿನ ಮಳೆ ಸೆಪ್ಟೆಂಬರಿನ ಹೊತ್ತಿಗೆ ಬರುತ್ತದೆ, ಅದರಲ್ಲಿಯೂ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ.

ಮಳೆ ಇಲ್ಲಿ ಹೆಚ್ಚು ಕಡಿಮೆ ಒಂದೇ ತೆರನಾದರೂ ಮಣ್ಣು ಹಾಗಲ್ಲ. ಯಲಬುರ್ಗಾ, ಕುಕನೂರು ಕಡೆ ಆಳವಾದ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ, ಮೈಲುಗಟ್ಟಲೆ ಹಬ್ಬಿದೆ. ಕುಷ್ಟಗಿ, ಕೊಪ್ಪಳಗಳಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು, ಹೆಚ್ಚು; ನಡುನಡುವೆ ಗರಸು, ಮಡ್ಡಿ, ಕಲ್ಲು. ಗಂಗಾವತಿಯಲ್ಲಿ ಆನೆಗುಂದಿಯ ಗ್ರಾನೈಟ್ ಬೆಟ್ಟಗಳ ಕೆಳಗೆ ನದಿ ಬಯಲು, ಅದರಾಚೆ ಮತ್ತೆ ಕಪ್ಪು ನೆಲ. ಒಂದೇ ಊರಿನ ಒಂದೇ ಹಾದಿಯಲ್ಲಿ ಎಡಕ್ಕೆ ಎರಿ, ಬಲಕ್ಕೆ ಮಸಾರಿ ಇರುವುದು ನಿಮಗೆಲ್ಲ ಗೊತ್ತಿರುವ ನೋಟವೇ.

ಈ ವ್ಯತ್ಯಾಸ ಬಣ್ಣದ್ದಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಆಳವಾದ ಎರಿ ಮಣ್ಣು ಪ್ರತಿ ಮೀಟರ್ ಆಳಕ್ಕೆ 200 ಮಿಲಿಮೀಟರಿನಷ್ಟು ನೀರನ್ನು ಬೆಳೆಗೆ ಒದಗುವಂತೆ ಹಿಡಿದಿಟ್ಟುಕೊಳ್ಳಬಲ್ಲದು. ತೆಳುವಾದ, ಗರಸು ಬೆರೆತ ಮಸಾರಿಯಲ್ಲಿ ಇದು 50 ಮಿಲಿಮೀಟರಿಗೂ ಇಳಿಯುತ್ತದೆ. ಸೆಪ್ಟೆಂಬರಿನ ಒಂದು ಒಳ್ಳೆಯ ಮಳೆ ಎರಿ ಹೊಲದಲ್ಲಿ ಸಂಕ್ರಾಂತಿಯ ತನಕ ಕಡಲೆಯನ್ನೂ ಬಿಳಿಜೋಳವನ್ನೂ ಸಾಕುತ್ತದೆ. ಅದೇ ಮಳೆ ಮಸಾರಿ ಹೊಲದಲ್ಲಿ ಹದಿನೈದು ದಿನಕ್ಕೆ ಆರಿ ಹೋಗುತ್ತದೆ. ಅದಕ್ಕಾಗಿಯೇ ಹಿರಿಯರು ಮಸಾರಿಯಲ್ಲಿ ಮುಂಗಾರಿಯ ಸಜ್ಜೆ, ನವಣೆ, ಹೆಸರು, ಶೇಂಗಾ, ಅಕ್ಕಡಿ ಸಾಲಿಗೆ ತೊಗರಿ ಇಟ್ಟರು. ಎರಿಯನ್ನು ಮುಂಗಾರಿಯುದ್ದಕ್ಕೂ ಹರಗುತ್ತ, ಹಸಿ ಕಾಯುತ್ತ, ಹಿಂಗಾರಿಗೆ ಬಿತ್ತಿದರು. ಮಣ್ಣಿನ ಶಕ್ತಿಗೆ ತಕ್ಕ ಬೆಳೆಯ ಯೋಜನೆ ಎಂದು ಇಂದು ನಾವು ಕರೆಯುವುದು ಇದನ್ನೇ. ಬೇರೆ ಬೇರೆ ಊರುಗಳಿಗೆ ಒಂದೇ ಬೀಜದ ಪೊಟ್ಟಣ, ಒಂದೇ ಅಳತೆಯ ಕೃಷಿ ಹೊಂಡ, ಒಂದೇ ನಮೂನೆಯ ಒಡ್ಡು ಹಂಚುವ ಕಾರ್ಯಕ್ರಮಗಳು ಈ ತಿಳಿವಳಿಕೆಯನ್ನು ಬದಿಗೆ ಸರಿಸಿದವು.

ಒಡ್ಡಿನ ಮಾತು ಬಂತು, ಅದನ್ನು ಇಲ್ಲಿಯೇ ಮುಗಿಸುತ್ತೇನೆ. ಮಸಾರಿ ನೆಲದಲ್ಲಿ ಸಮಪಾತಳಿಯ ಒಡ್ಡು ಒಳ್ಳೆಯ ಕೆಲಸ ಮಾಡುತ್ತದೆ, ನಿಂತ ನೀರು ಒಳಗೆ ಇಂಗುತ್ತದೆ. ಆಳವಾದ ಎರಿಯಲ್ಲಿ ನೀರು ಇಂಗುವುದು ಬಹಳ ನಿಧಾನ. ಒಡ್ಡಿನ ಹಿಂದೆ ನಿಂತ ನೀರು ಬೆಳೆಯನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದ ಒಡ್ಡು ಮಳೆಗೆ ಒಡೆಯುತ್ತದೆ, ಒಡೆದಲ್ಲಿ ಕೊರಕಲು ಬೀಳುತ್ತದೆ. ಪಕ್ಕದ ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ ಕಪ್ಪು ಮಣ್ಣಿಗೆಂದೇ ಬೇರೆ ದಾರಿ ತೋರಿಸಿದೆ. ನೀರು ಮೆಲ್ಲಗೆ ಹೊರಹೋಗುವಂತೆ ಅಲ್ಪ ಇಳಿಜಾರು ಕೊಟ್ಟ ಒಡ್ಡು, ಹುಲ್ಲಿನ ಜೀವಂತ ತಡೆ, ಇಳಿಜಾರಿಗೆ ಅಡ್ಡಲಾದ ಬೇಸಾಯ ಇವು ಆ ದಾರಿಯಲ್ಲಿ ಮುಖ್ಯವಾದವು. ಎಪ್ಪತ್ತು ವರ್ಷಗಳ ಆ ತಿಳಿವಳಿಕೆ ನೂರು ಕಿಲೋಮೀಟರ್ ದೂರದ ಹೊಲಕ್ಕೆ ಪೂರ್ತಿ ಬಂದು ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇನ್ನು ಎರಡನೆಯ ವಿಷಯ, ಗಂಗಾವತಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಗಂಗಾವತಿಗೆ ನೀರಾವರಿ ಹೊಸದಲ್ಲ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿಸಿದ ಅಣೆಕಟ್ಟೆಗಳಿಂದ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಆ ಕಾಲುವೆಗಳು ನದಿಯ ಮಗ್ಗುಲಲ್ಲೇ ಸಾಗುತ್ತವೆ, ನದಿ ಬಯಲಿನ ಗದ್ದೆ ತೋಟಗಳಿಗೆ ಉಣಿಸುತ್ತವೆ, ಹೆಚ್ಚಾದ ನೀರು ಮತ್ತೆ ನದಿಗೇ ಬಸಿಯುತ್ತದೆ. ಶತಮಾನಗಳ ನಂತರವೂ ಆ ನೆಲ ಉಳಿದು ಬಂದಿರುವುದಕ್ಕೆ ಈ ಬಸಿತ ಬಹು ದೊಡ್ಡ ಕಾರಣ.

ತುಂಗಭದ್ರಾ ಯೋಜನೆಯ ಕಥೆ ಬೇರೆ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ 200 ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಬರಗಾಲದ ನಾಡಿಗೆ ಆಸರೆಯಾಗಲೆಂದು ಕಟ್ಟಿದ ಯೋಜನೆ ಇದು. ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ, ಕಾಳುಗಳನ್ನು ಉಳಿಸುವುದು ಮೂಲ ಉದ್ದೇಶವಾಗಿತ್ತು. ಭತ್ತಕ್ಕೆಂದು ಗುರುತಿಸಿದ್ದು ಒಂದು ಸಣ್ಣ ಭಾಗ ಮಾತ್ರ. ಯಾವ ಸರ್ವೇ ನಂಬರಿಗೆ ಯಾವ ಬೆಳೆ ಎಂಬ ಪಟ್ಟಿ ಕೂಡ ಆಗಲೇ ಆಗಿತ್ತು.

ಆದರೆ ನೀರು ಮೊದಲು ಮುಟ್ಟಿದ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿ ನೆಲೆಸಿದ ಕುಟುಂಬಗಳು ಭೂಮಿ ಸಮ ಮಾಡುವ, ಗದ್ದೆ ಕೆಸರು ಮಾಡುವ ಕೌಶಲವನ್ನು ತಂದವು, ದುಡಿದವು, ಗಂಗಾವತಿ ಭತ್ತದ ಕಣಜವಾಯಿತು. ಇಲ್ಲಿ ಯಾರನ್ನೂ ದೂರುವ ಕಾರಣವಿಲ್ಲ. ಭತ್ತಕ್ಕೆ ಮಾರುಕಟ್ಟೆ ಇತ್ತು, ಗಿರಣಿ ಇತ್ತು, ಸಾಲ ಸಿಗುತ್ತಿತ್ತು, ಕಣ್ಣೆದುರು ನೀರಿತ್ತು. ಜೋಳಕ್ಕೆ ಇವು ಯಾವುವೂ ಇರಲಿಲ್ಲ. ಬೆಳೆ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಅದನ್ನು ನಡೆಸಿಕೊಡುವ ಮಾರುಕಟ್ಟೆಯನ್ನು ಕಟ್ಟದಿದ್ದರೆ ರೈತ ಆ ಪಟ್ಟಿಯನ್ನು ಪಾಲಿಸುವುದಾದರೂ ಹೇಗೆ?

ಪರಿಣಾಮ ಎರಡು ತೆರನಾಗಿ ಕಂಡಿತು. ಒಂದು, ಕೆಳಭಾಗದವರಿಗೆ ನೀರು ಮುಟ್ಟದಾಯಿತು. ಕಾಲುವೆಯ ಕೊನೆಯ ಹಳ್ಳಿಗಳ ಹೋರಾಟ ವರ್ಷ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಇನ್ನೊಂದು ಅಷ್ಟು ಬೇಗ ಕಣ್ಣಿಗೆ ಕಾಣುವಂಥದ್ದಲ್ಲ. ನೀರು ಸರಿಯಾಗಿ ಬಸಿಯದ ಕಪ್ಪು ಮಣ್ಣಿನಲ್ಲಿ ವರ್ಷಕ್ಕೆ ಎರಡು ಸಲ ನೀರು ನಿಲ್ಲಿಸಿದಾಗ ಅಂತರ್ಜಲ ಮೇಲೇರಿ ಬೇರಿನ ಹತ್ತಿರಕ್ಕೆ ಬಂತು. ಮಣ್ಣಿನ ಆಳದಲ್ಲಿ ಮೊದಲೇ ಇದ್ದ ಲವಣಗಳು ಆ ನೀರಿನಲ್ಲಿ ಕರಗಿ, ಬಿಸಿಲಿಗೆ ಮೇಲಕ್ಕೆ ಸೆಳೆದು ಬಂದು, ನೀರು ಆವಿಯಾದ ಮೇಲೆ ಬಿಳಿಯ ಪುಡಿಯಾಗಿ ಉಳಿದವು. ಸವಳು ಎಂದು ನಾವು ಕರೆಯುವುದು ಇದನ್ನು. ನೀರು ನಿಂತು ಹಾಳಾದದ್ದು ಜವಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಹತ್ತಾರು ಸಾವಿರ ಹೆಕ್ಟೇರ್.

ಈ ಸಮಸ್ಯೆಗೆ ಪರಿಹಾರ ಹುಡುಕುವ ಕೆಲಸ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ, ಸವಳು ಮಣ್ಣಿನ ನಿರ್ವಹಣೆಯ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ. ಅಲ್ಲಿ ಬಂದ ‘ಗಂಗಾವತಿ ಸೋನಾ’ ಭತ್ತ ಸವಳನ್ನು ತಡೆದುಕೊಳ್ಳುವ ತಳಿ. ರಂಧ್ರಗಳಿರುವ ಕೊಳವೆಗಳನ್ನು ನೆಲದೊಳಗೆ ಹೂತು ಉಪ್ಪುನೀರನ್ನು ಹೊರಗೆ ಬಸಿಯುವ ಅಂತರ್ಬಸಿಗಾಲುವೆಯ ಪ್ರಯೋಗವೂ ಅಲ್ಲಿ ನಡೆದಿದೆ. ಸೋಡಿಯಂ ಹೆಚ್ಚಾದ ನೆಲಕ್ಕೆ ಜಿಪ್ಸಂ ಹಾಕಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಹೊರಗೆ ಹೋಗಲು ಹಾದಿ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಫಲವಿಲ್ಲ. ಈಚೆಗೆ ಅಚ್ಚುಕಟ್ಟಿನ ಅನೇಕ ರೈತರು ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಹೊರಳಿದ್ದಾರೆ. ಕೆಸರು ಗದ್ದೆಗಿಂತ ಇದಕ್ಕೆ ಬೇಕಾಗುವ ನೀರು ಕಡಿಮೆ. ಇದು ರೈತರೇ ಮುಂದಾಗಿ ಇಟ್ಟ ಒಳ್ಳೆಯ ಹೆಜ್ಜೆ.

ಆದರೂ ಲೆಕ್ಕ ಹಾಕಿ ನೋಡಿ. ಕೆಟ್ಟ ಎಕರೆಯನ್ನು ಸರಿಪಡಿಸುವ ಖರ್ಚು, ಅದು ಕೆಡದಂತೆ ಮೊದಲೇ ಬಸಿಗಾಲುವೆ ತೆಗೆಯುವ ಖರ್ಚಿಗಿಂತ ಬಹಳ ಹೆಚ್ಚು. ಕಾಲುವೆಗೆ ಹಣ ಇಟ್ಟವರು ಬಸಿಗಾಲುವೆಗೆ ಅಷ್ಟೇ ಮನಸ್ಸಿಟ್ಟು ಹಣ ಇಡಲಿಲ್ಲ. ನೀರು ತರುವುದು ಸಮಾರಂಭದ ಕೆಲಸ, ನೀರು ಬಸಿಯುವುದು ಯಾರೂ ಉದ್ಘಾಟಿಸದ ಕೆಲಸ. ಗಂಗಾವತಿಯ ಸವಳು ಹುಟ್ಟಿದ್ದು ಈ ಅಂತರದಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಜಲಾಶಯದ ಒಳಗಿನ ಮಾತನ್ನೂ ಇಲ್ಲಿ ಸೇರಿಸಬೇಕು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ತುಂಗಭದ್ರೆಯ ಸಂಗ್ರಹ ಹೂಳಿನಿಂದಾಗಿ ಸುಮಾರು 105.79 ಟಿಎಂಸಿಗೆ ಇಳಿದಿದೆ. ಆ ಹೂಳು ಮೇಲ್ಭಾಗದ ಯಾರದೋ ಹೊಲದ ಮೇಲ್ಮಣ್ಣು. ಕಳೆದುಹೋದ ಸಂಗ್ರಹವನ್ನು ತುಂಬಿಕೊಳ್ಳಲು ಈಗ ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪವಿದೆ. ಅಂದರೆ ಮತ್ತಷ್ಟು ಹೊಲ ಮುಳುಗಬೇಕು. ಒಂದು ಕಡೆ ಮಣ್ಣು ಕಾಯದಿದ್ದುದಕ್ಕೆ ಇನ್ನೊಂದು ಕಡೆ ಮಣ್ಣು ಬಿಟ್ಟುಕೊಡುವ ಸ್ಥಿತಿ ಇದು.

ಮೂರನೆಯ ವಿಷಯಕ್ಕೆ ಹೋಗೋಣ. ಇಷ್ಟು ಹೊತ್ತು ಕಷ್ಟ ಹೇಳಿದೆ, ಈಗ ನಮ್ಮ ಕೈಯಲ್ಲಿ ಇರುವ ಸಾಧನದ ಮಾತು.

ಭೂಮಿಯನ್ನು ಅದರ ಶಕ್ತಿಗೆ ತಕ್ಕಂತೆ ವಿಂಗಡಿಸುವ ಆಧುನಿಕ ಪದ್ಧತಿ ಅಮೆರಿಕದಲ್ಲಿ 1930ರ ದಶಕದ ಧೂಳುಬಿರುಗಾಳಿಯ ಪೆಟ್ಟಿನಿಂದ ಬೆಳೆಯಿತು. ಉಳಬಾರದ ಹುಲ್ಲುಗಾವಲನ್ನು ಉತ್ತ ಮೇಲೆ ಮಣ್ಣು ಆಕಾಶಕ್ಕೆ ಎದ್ದಾಗ, 1935ರಲ್ಲಿ ಆ ದೇಶ ಮಣ್ಣಿನ ಸಂರಕ್ಷಣೆಗೆಂದೇ ಒಂದು ಇಲಾಖೆ ತೆರೆಯಿತು. ಭೂಮಿಯನ್ನು ಎಂಟು ವರ್ಗಗಳಾಗಿ ನೋಡುವ ರೂಢಿ ಅಲ್ಲಿಂದ ಬಂತು. 1976ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇನ್ನೂ ಮುಂದೆ ಹೋಗಿ, ಭೂಮಿ ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದನ್ನು ಬಿಟ್ಟು, ಯಾವ ಬಳಕೆಗೆ ಎಷ್ಟು ಯೋಗ್ಯ ಎಂದು ಕೇಳುವ ಚೌಕಟ್ಟನ್ನು ಕೊಟ್ಟಿತು. ದಾಳಿಂಬೆಗೆ ಯೋಗ್ಯವಾದ ಗರಸು ಮಸಾರಿ ಹತ್ತಿಗೆ ಯೋಗ್ಯವಲ್ಲ. ಹತ್ತಿಗೆ ಯೋಗ್ಯವಾದ ಎರಿ ದಾಳಿಂಬೆಯ ಬೇರನ್ನು ಕೊಳೆಸುತ್ತದೆ.

ಈ ಚೌಕಟ್ಟು ಕೊಪ್ಪಳಕ್ಕೆ ಬಂದದ್ದು ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಮೂರನೇ ಹಂತದ ಮೂಲಕ. ಈ ಯೋಜನೆ ನಡೆದ ರಾಜ್ಯದ ಹನ್ನೊಂದು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಜಲಾನಯನ ಇಲಾಖೆ ಜೊತೆಗೂಡಿ ‘ಭೂ ಸಂಪನ್ಮೂಲ ಸಮೀಕ್ಷೆ’ ನಡೆಸಿದವು. ಸುಮಾರು 500 ಹೆಕ್ಟೇರಿನ ಒಂದೊಂದು ಕಿರು ಜಲಾನಯನವೂ ಒಂದೊಂದು ಘಟಕ. ಗ್ರಾಮ ನಕ್ಷೆಯ 1:7920 ಅಳತೆಯಲ್ಲಿಯೇ, ಸರ್ವೇ ನಂಬರಿನ ಗೆರೆಗಳ ಮೇಲೆಯೇ ಮಣ್ಣಿನ ಗೆರೆ ಎಳೆದರು. ಗುಂಡಿ ತೋಡಿ ಪದರ ಪದರವಾಗಿ ಮಣ್ಣು ನೋಡಿದರು. ಆಳ ಎಷ್ಟು, ಹರಳು ಎಷ್ಟು, ಇಳಿಜಾರು ಎಷ್ಟು, ಸವಕಳಿ ಎಷ್ಟು, ನೀರು ಹಿಡಿಯುವ ಶಕ್ತಿ ಎಷ್ಟು, ಜಿಂಕ್, ಬೋರಾನ್, ಗಂಧಕ ಎಷ್ಟು ಎಂಬುದನ್ನೆಲ್ಲ ದಾಖಲಿಸಿದರು. ಕೊನೆಗೆ ಜೋಳ, ಸಜ್ಜೆ, ತೊಗರಿ, ಶೇಂಗಾ, ಮಾವು, ದಾಳಿಂಬೆ ಎಂದು ಒಂದೊಂದು ಬೆಳೆಗೂ ಯೋಗ್ಯತೆಯ ಬೇರೆ ಬೇರೆ ನಕ್ಷೆ ತಯಾರಾಯಿತು. ಈ ಕೆಲಸವನ್ನು ಮುಂದುವರಿಸಲು 2021ರಲ್ಲಿ ‘ರಿವಾರ್ಡ್’ ಎಂಬ ಯೋಜನೆ ಆರಂಭವಾಯಿತು.

ಇದರ ಮಹತ್ವವನ್ನು ಒಂದು ಹೋಲಿಕೆಯಲ್ಲಿ ಹೇಳುವೆ. ಊರಿನ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತಿದ್ದ ದರ್ಜಿ ಮೊದಲ ಬಾರಿ ಒಬ್ಬೊಬ್ಬರ ಮೈಯಳತೆ ತೆಗೆದುಕೊಂಡ ಹಾಗೆ ಇದು. ಒಡ್ಡು ಎಲ್ಲಿ, ಯಾವ ಬಗೆಯದು, ಕೃಷಿ ಹೊಂಡ ಯಾವ ಹೊಲದಲ್ಲಿ ನೀರು ಹಿಡಿಯುತ್ತದೆ, ಯಾವ ಹೊಲದಲ್ಲಿ ಗರಸಿನೊಳಗೆ ಸೋರಿ ಹೋಗುತ್ತದೆ, ಯಾವ ಮಡ್ಡಿಯನ್ನು ಉಳದೆ ಹುಲ್ಲಿಗೂ ಮರಕ್ಕೂ ಬಿಡಬೇಕು ಎಂಬ ಪ್ರಶ್ನೆಗಳಿಗೆ ಸರ್ವೇ ನಂಬರಿನ ಮಟ್ಟದಲ್ಲಿ ಉತ್ತರವಿದೆ. ಭಾರತದ ಬಹಳ ಜಿಲ್ಲೆಗಳಿಗೆ ಈ ಭಾಗ್ಯ ಇಲ್ಲ.

ಹಾಗಿದ್ದರೆ ತೊಡಕು ಎಲ್ಲಿದೆ? ರೈತರಿಗೆ ಸಮೀಕ್ಷೆಯ ವಿವರದ ಕಾರ್ಡು ಕೊಟ್ಟದ್ದುಂಟು. ಆದರೆ ಪೂರ್ಣ ವಿವರದ ಅಟ್ಲಾಸುಗಳು ಇಂಗ್ಲಿಷಿನಲ್ಲಿವೆ, ತಾಂತ್ರಿಕ ಸಂಕೇತಗಳಲ್ಲಿವೆ. ಪಂಚಾಯಿತಿಯ ಕ್ರಿಯಾ ಯೋಜನೆ ಬರೆಯುವ ಮೇಜಿನ ಮೇಲೆ ಅವು ಇರುವುದು ಅಪರೂಪ. ಉದ್ಯೋಗ ಖಾತ್ರಿಯಲ್ಲಿ ಯಾವ ಹೊಲಕ್ಕೆ ಬದು, ಯಾವುದಕ್ಕೆ ಹೊಂಡ ಎಂದು ತೀರ್ಮಾನವಾಗುವಾಗ ಮಣ್ಣಿನ ನಕ್ಷೆ ಬಿಚ್ಚುವ ರೂಢಿ ಬೆಳೆದಿಲ್ಲ. ಬ್ಯಾಂಕಿನವರು ದಾಳಿಂಬೆಗೆ ಸಾಲ ಕೊಡುವಾಗ ಆ ಸರ್ವೇ ನಂಬರು ದಾಳಿಂಬೆಗೆ ಯೋಗ್ಯವೇ ಎಂದು ಕೇಳುವುದಿಲ್ಲ. ಕುಷ್ಟಗಿಯ ದಾಳಿಂಬೆ ತೋಟಗಳು ದುಂಡಾಣು ಅಂಗಮಾರಿಯಿಂದ ಅನುಭವಿಸಿದ ನಷ್ಟವನ್ನು ಬಲ್ಲವರು ಇಲ್ಲಿ ಅನೇಕರಿದ್ದೀರಿ. ಆ ರೋಗಕ್ಕೆ ಮಣ್ಣೊಂದೇ ಕಾರಣವಲ್ಲ; ಸಸಿ, ಮಳೆ, ತೇವ ಎಲ್ಲವೂ ಸೇರಿವೆ. ಆದರೆ ಯೋಗ್ಯವಲ್ಲದ ನೆಲದಲ್ಲಿ ಸಾಲ ಮಾಡಿ ತೋಟ ಇಟ್ಟವರಿಗೆ ಆ ಪೆಟ್ಟು ಇನ್ನಷ್ಟು ಭಾರವಾಗಿ ಬೀಳುತ್ತದೆ.

ಈ ನಕ್ಷೆಗಳಲ್ಲಿ ‘ಬೇಸಾಯಕ್ಕೆ ಅಯೋಗ್ಯ’ ಎಂದು ಗುರುತಾದ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ನಿರುಪಯುಕ್ತ ಎಂದಲ್ಲ. ಕುರುಚಲು, ಹುಲ್ಲು, ಬಂಡೆಗಳ ಆ ಮಡ್ಡಿಯ ಮೇಲೆಯೇ ನಮ್ಮ ಕುರಿಗಾರರ ಬದುಕು ನಿಂತಿದೆ. ಕೆಂಗುರಿ ತಳಿ ಈ ರಾಯಚೂರು-ಕೊಪ್ಪಳ ಸೀಮೆಯದೇ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ತರುಬಿಸಿಕೊಳ್ಳುವ ರೈತನಿಗೆ ಆ ಗೊಬ್ಬರದ ಬೆಲೆ ಗೊತ್ತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆ ಕುರುಚಲು ನೆಲವನ್ನು ತೋಳಗಳ ಧಾಮವೆಂದು ಗುರುತಿಸಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ. ಕಡತಗಳಲ್ಲಿ ಪಾಳು ಎಂದು ಬರೆದ ನೆಲಕ್ಕೆ ಅಲ್ಲಿ ಕೊನೆಗೂ ಒಂದು ಬಳಕೆ ಇದೆ ಎಂದು ಒಪ್ಪಿದಂತಾಯಿತು. ಗಾಳಿ ವಿದ್ಯುತ್ತಿಗೋ ಸೌರ ವಿದ್ಯುತ್ತಿಗೋ ಕಾರ್ಖಾನೆಗೋ ಜಾಗ ಹುಡುಕುವವರು ಮೊದಲು ಕೈ ಹಾಕುವುದು ಈ ಗೋಮಾಳ, ಮಡ್ಡಿಗಳಿಗೆ. ಅಲ್ಲಿ ಯಾರ ಕುರಿ ಮೇಯುತ್ತಿದೆ, ಯಾವ ಹಳ್ಳದ ತಲೆ ಅಲ್ಲಿದೆ ಎಂದು ಕೇಳಿದ ಮೇಲೆಯೇ ಆ ನಿರ್ಧಾರ ಆಗಬೇಕು.

ಕೊನೆಯ ವಿಷಯಕ್ಕೆ ಬಂದೆ. ಕುಷ್ಟಗಿ, ಯಲಬುರ್ಗಾದ ಜನ ಹಲವು ದಶಕಗಳಿಂದ ಕೃಷ್ಣೆಯ ನೀರಿಗೆ ಕಾದಿದ್ದಾರೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಕೊಪ್ಪಳ ಏತ ನೀರಾವರಿ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಈ ತಾಲ್ಲೂಕುಗಳಿಗೆ ನೀರೆತ್ತುವ ಯೋಜನೆ. ಅವರ ಬೇಡಿಕೆ ನ್ಯಾಯವಾದದ್ದು, ಆ ನೀರು ಬರಲೇಬೇಕು. ಆದರೆ ಯಲಬುರ್ಗಾದ ಎರಿ ಗಂಗಾವತಿಯ ಎರಿಯ ಒಡಹುಟ್ಟು. ಅಲ್ಲಿ ಆದದ್ದು ಇಲ್ಲಿಯೂ ಆಗಬಲ್ಲದು.

ಕಾಲುವೆಯ ಬದಲು ಕೊಳವೆ, ಹರಿನೀರಿನ ಬದಲು ಹನಿ ನೀರಾವರಿ ಎಂಬ ವಿಚಾರ ಒಳ್ಳೆಯದೇ. ನೆರೆಯ ಹುನಗುಂದದ ರಾಮಥಾಳ ಯೋಜನೆ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಹಮ್ಮಿಕೊಂಡ ದೊಡ್ಡ ಸಾಹಸ. ಆದರೆ ಎಲ್ಲ ಹೊಲಗಳಲ್ಲಿಯೂ ಅದು ಒಂದೇ ತೆರನಾಗಿ ಬಳಕೆಗೆ ಬರಲಿಲ್ಲ. ಕೊಳವೆಯ ನಿರ್ವಹಣೆ ಯಾರದು, ನೀರಿನ ಸರದಿ ಯಾರು ನೋಡುತ್ತಾರೆ, ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಉಪಕರಣ ಹೊಲದಲ್ಲಿದ್ದೂ ಕೆಲಸಕ್ಕೆ ಬರುವುದಿಲ್ಲ.

ನೀರು ಬರುವ ತನಕ ಕೈಕಟ್ಟಿ ಕೂಡಬೇಕಿಲ್ಲ ಎಂಬುದನ್ನು ಈ ಜಿಲ್ಲೆಯ ಜನ ತೋರಿಸಿದ್ದಾರೆ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳವನ್ನು 26 ಕಿಲೋಮೀಟರ್ ಉದ್ದಕ್ಕೂ ಜಾಲಿ, ಹೂಳು, ಕಸ ತೆಗೆಸಿ ಹರಿಯುವ ಹಾಗೆ ಮಾಡಿದರು. ಹಳ್ಳಿ ಹಳ್ಳಿಯ ಜನ ಟ್ರ್ಯಾಕ್ಟರು, ಡೀಸೆಲು, ರೊಟ್ಟಿ, ದುಡಿಮೆ ಕೊಟ್ಟರು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಸೇರಿ ತೆಗೆದರು. ಹೂಳು ಹೊಲಕ್ಕೆ ಹೋಯಿತು, ಕೆರೆಗೆ ನೀರು ಬಂತು. ಈ ಉತ್ಸಾಹಕ್ಕೆ ಮಣ್ಣಿನ ನಕ್ಷೆ ಜೊತೆಯಾದರೆ ಮುಂದಿನ ಕೆಲಸ ಕೆರೆಯ ಒಳಗಲ್ಲ, ಕೆರೆಯ ಮೇಲಿನ ಇಳಿಜಾರಿನಲ್ಲಿ ಆರಂಭವಾಗಬೇಕು. ಇಲ್ಲದಿದ್ದರೆ ತೆಗೆದ ಹೂಳು ಕೆಲವೇ ವರ್ಷಗಳಲ್ಲಿ ತಿರುಗಿ ಬಂದು ಕೂಡುತ್ತದೆ.

ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಏತ ನೀರಾವರಿಯ ಕೊಳವೆ ಮಾರ್ಗ ಗುರುತಿಸುವ ಮೊದಲು ಆಯಾ ಕಿರು ಜಲಾನಯನದ ಮಣ್ಣಿನ ನಕ್ಷೆಯ ಮೇಲೆ ಬಸಿಗಾಲುವೆಯ ಮಾರ್ಗ ಗುರುತಾಗಬೇಕು, ಎರಡಕ್ಕೂ ಒಂದೇ ಅಂದಾಜು ಪಟ್ಟಿಯಲ್ಲಿ ಹಣ ಇಡಬೇಕು. ಆಳವಾದ ಎರಿಗೆ ಒಂದೆರಡು ರಕ್ಷಕ ನೀರು ಮಾತ್ರ ಎಂಬ ನಿಯಮಕ್ಕೆ ಜೋಳ, ಕಡಲೆ, ಸಜ್ಜೆ, ನವಣೆಗಳ ಖಾತ್ರಿ ಖರೀದಿ ಬೆನ್ನಿಗಿರಬೇಕು. ಗಂಗಾವತಿಯಲ್ಲಿ ಬೆಳೆ ಪಟ್ಟಿ ಸೋತದ್ದು ಇದು ಇಲ್ಲದೆಯೇ. ಪಂಚಾಯಿತಿಯ ಗ್ರಾಮಸಭೆಯಲ್ಲಿ ಕ್ರಿಯಾ ಯೋಜನೆ ಓದುವ ದಿನ ಆ ಊರಿನ ನಕ್ಷೆ ಗೋಡೆಯ ಮೇಲಿರಬೇಕು, ಕನ್ನಡದಲ್ಲಿರಬೇಕು, ಎರಿ, ಮಸಾರಿ, ಮಡ್ಡಿ ಎಂಬ ನಮ್ಮ ಹೆಸರುಗಳಲ್ಲಿರಬೇಕು.

ಈ ಕೊನೆಯ ಕೆಲಸಕ್ಕೆ ಸರ್ಕಾರದ ಆದೇಶ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಇಲ್ಲಿರುವ ಭೂಗೋಳ, ಕೃಷಿ, ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಒಂದೊಂದು ತಂಡವಾಗಿ ಒಂದೊಂದು ಕಿರು ಜಲಾನಯನದ ಅಟ್ಲಾಸನ್ನು ತೆಗೆದುಕೊಂಡು ಕನ್ನಡಕ್ಕೆ ತರಬಹುದು, ಊರಿನ ಹಿರಿಯರೊಂದಿಗೆ ಹೊಲ ಸುತ್ತಿ ಸರಿ ನೋಡಬಹುದು. ನಕ್ಷೆ ತಪ್ಪಿದ್ದರೆ ಹಿರಿಯರು ತೋರಿಸುತ್ತಾರೆ. ಹಿರಿಯರಿಗೆ ಕಾಣದ ಬೋರಾನಿನ ಕೊರತೆಯನ್ನು ನಕ್ಷೆ ತೋರಿಸುತ್ತದೆ. ಈ ಕೆಲಸವನ್ನು ಯಲಬುರ್ಗಾದ ಎರಿ ಹೊಲಗಳಿಂದ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನೀರು ಬಂದ ಮೇಲೆ ಅಲ್ಲಿ ತಿದ್ದಿಕೊಳ್ಳುವುದು ಕಷ್ಟ.